ಹಳೆಯ ಮುನಿಸಿಪಾಲಿಟಿ ಕಚೇರಿಯನ್ನು ಕೆಡವಬೇಡಿ, ಹಿಂದಕ್ಕೆ ಸರಿಸಿ: ನಗರ ಪಾಲಿಕೆಯ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,
ನಮ್ಮ ಬಡಾವಣೆಯ ಹಾಗೂ ಬೆಂಗಳೂರಿನ ನಾಗರಿಕ ಬಂಧುಗಳೇ,

ಪೇಟೆಯ ಅಂಚಿನಲ್ಲಿರುವ ನಮ್ಮ ರಸ್ತೆಯ ಅಗಲೀಕರಣಕ್ಕಾಗಿ ಹಳೆಯ ಮುನಿಸಿಪಾಲಿಟಿ ಕಚೇರಿಯ ಜಗುಲಿ ಕಂಬದ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿದೆ. ಕಟ್ಟಡವನ್ನು ಪೂರ್ತಿ ಕೆಡವಿ, ಹಿಂಬದಿಯ ಖಾಲಿ ಜಾಗವನ್ನೂ ಸೇರಿಸಿಕೊಂಡು ಬಹುಮಹಡಿ ಸಂಕೀರ್ಣ ಎಬ್ಬಿಸುವುದು, ಹಳೆಯದರ ನೆನಪಿಗೆ ಹೊಸ ಕಟ್ಟಡದ ಮುಖಕ್ಕೆ ಎರಡು ಕಮಾನು ಅಂಟಿಸಿ ಒಂದು ಶಿಲಾಫಲಕ ನೆಡುವುದು, ಇದು ಈಗ ಚರ್ಚೆಯಲ್ಲಿರುವ ಪ್ರಸ್ತಾವ. ಇದನ್ನು ಕೈಬಿಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಬರಿಗೈಯಲ್ಲಿ ಕೇಳುತ್ತಿಲ್ಲ. ಈ ಕಟ್ಟಡವನ್ನು ಇದ್ದಂತೆಯೇ ಅದರ ಆವರಣದೊಳಗೇ ಹಿಂದಕ್ಕೆ ಸರಿಸಿ ನಿಲ್ಲಿಸಬಹುದು, ಸುಣ್ಣದ ಗಾರೆಯಲ್ಲಿ ದುರಸ್ತಿ ಮಾಡಿ ಜನರ ಬಳಕೆಗೆ ಬಿಡಬಹುದು. ನಾನು ಸಿವಿಲ್ ಇಂಜಿನಿಯರ್ ಆಗಿ ದುಡಿದು ನಿವೃತ್ತಳಾದವಳು. ವೃತ್ತಿಜೀವನದ ದೊಡ್ಡ ಪಾಲು ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಕಳೆದಿದೆ. ಸಾಧ್ಯವಿಲ್ಲದ್ದನ್ನು ಕೇಳಿ ನಿಮ್ಮ ಸಮಯ ಹಾಳು ಮಾಡುವ ಉದ್ದೇಶ ನನಗಿಲ್ಲ.

ಕಟ್ಟಡವನ್ನು ನೀವು ಕಾರಿನ ಕಿಟಕಿಯಿಂದ ನೋಡಿರಬಹುದು. ಒಳಗೆ ಹೋಗಿ ನೋಡಬೇಕು. ಕೆಳಗೆ ನಮ್ಮೂರಿನದೇ ಬೂದು ಕಲ್ಲಿನ ಪೀಠ. ಅದರ ಮೇಲೆ ಸೈಜುಗಲ್ಲಿನ ಮೂರು ವರಸೆ, ಆಮೇಲೆ ಒಂದೂವರೆ ಅಡಿಗೂ ದಪ್ಪದ ಇಟ್ಟಿಗೆ ಗೋಡೆ. ಮುಂದೆ ಕಮಾನಿನ ಜಗುಲಿ, ಅದಕ್ಕೆ ಮಂಗಳೂರು ಹೆಂಚಿನ ಇಳಿಜಾರು ಸೂರು. ನಡುವಿನ ದೊಡ್ಡ ಕೋಣೆಗೆ ಮದ್ರಾಸ್ ತಾರಸಿ: ಸಾಗುವಾನಿ ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಓರೆಯಾಗಿ ನಿಲ್ಲಿಸಿ ಕಟ್ಟಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಬೆರೆಸಿ ಹಲಗೆಯಿಂದ ದಿನಗಟ್ಟಲೆ ಬಡಿದು ಕೂರಿಸಿದ ಹಾಸು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಬಡಿಯುತ್ತಿದ್ದ ಕೆಲಸ ಅದು. ಇಂಥ ಸೂರಿನ ಕೆಳಗೆ ಏಪ್ರಿಲ್ ಮಧ್ಯಾಹ್ನದಲ್ಲೂ ಫ್ಯಾನಿಲ್ಲದೆ ಕೂರಬಹುದು. ಗೋಡೆಯ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಲು ಬಿಟ್ಟಿರುವ ಸಣ್ಣ ಕಿಂಡಿಗಳನ್ನು ಯಾರೋ ಸಿಮೆಂಟಿನಿಂದ ಮುಚ್ಚಿದ್ದಾರೆ. ಜಗುಲಿಯ ಒಂದು ತುದಿಗೆ ತಗಡಿನ ಗೋಡೆ ಕಟ್ಟಿ ಹಳೆಯ ಬೀದಿದೀಪ, ಮುರಿದ ಕುರ್ಚಿ ತುಂಬಿದ್ದಾರೆ. ಹಿಂಬದಿಯಲ್ಲಿ ಒಂದು ತೊಲೆಯ ತುದಿ ಗೆದ್ದಲಿಗೆ ಹೋಗಿದೆ. ಇಷ್ಟೆಲ್ಲ ಆದ ಮೇಲೂ ಮುಖ್ಯ ಗೋಡೆಗಳಲ್ಲಿ ಬುನಾದಿಯಿಂದ ಎದ್ದ ಬಿರುಕು ಒಂದೂ ನನಗೆ ಕಾಣಲಿಲ್ಲ. ಕಟ್ಟಡ ದುರ್ಬಲವಾಗಿದೆ, ಬೀಳುವ ಸ್ಥಿತಿಯಲ್ಲಿದೆ ಎಂಬ ಮಾತಿಗೆ ಆಧಾರವೇನು ಎಂಬುದನ್ನು ದಯವಿಟ್ಟು ಸಾರ್ವಜನಿಕರ ಮುಂದಿಡಿ.

ಇದು ಅರಮನೆಯಲ್ಲ, ದೊಡ್ಡ ವಾಸ್ತುಶಿಲ್ಪಿಯ ಹೆಸರೂ ಇದಕ್ಕಿಲ್ಲ. ಅದೇ ಕಾರಣಕ್ಕೆ ಇದು ನನಗೆ ಮುಖ್ಯ. ಬೆಂಗಳೂರಿನ ಇತಿಹಾಸ ಎಂದರೆ ಕೋಟೆ, ಅರಮನೆ, ಹೈಕೋರ್ಟ್ ಇರುವ ಅಠಾರ ಕಚೇರಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಊರು ತನ್ನನ್ನು ತಾನೇ ನೋಡಿಕೊಳ್ಳಲು ಕಲಿತ ಕಥೆ ಇರುವುದು ಮುನಿಸಿಪಾಲಿಟಿಯ ಸಣ್ಣ ಕಚೇರಿಗಳಲ್ಲಿ. 1862ರಲ್ಲಿ ಬೆಂಗಳೂರಿಗೆ ಮುನಿಸಿಪಾಲಿಟಿ ಬಂತು. ಮುಂದೆ ಪೇಟೆಯ ಕಡೆಗೆ ಒಂದು, ದಂಡಿನ ಪ್ರದೇಶಕ್ಕೆ ಇನ್ನೊಂದು ಎಂದು ಎರಡು ಆಡಳಿತಗಳು ದಶಕಗಳ ಕಾಲ ಬೇರೆಬೇರೆಯಾಗಿ ನಡೆದವು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂತು. 1898ರಲ್ಲಿ ಪ್ಲೇಗ್ ಬಂದು ಇಕ್ಕಟ್ಟಿನ ಪೇಟೆಯ ಮನೆಗಳನ್ನು ಖಾಲಿ ಮಾಡಿಸಿತು. ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದಿದ್ದು ಆ ಪೆಟ್ಟಿನ ನಂತರ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿತು. ಚರಂಡಿ, ನಲ್ಲಿ, ದೀಪ, ಸಿಡುಬಿನ ಲಸಿಕೆ, ಹುಟ್ಟುಸಾವಿನ ಲೆಕ್ಕ, ಇವೆಲ್ಲ ಸಾಮಾನ್ಯ ಜನರಿಗೆ ತಲುಪಿದ್ದು ನಮ್ಮ ರಸ್ತೆಯಲ್ಲಿರುವಂಥ ಕಚೇರಿಗಳ ಕಿಟಕಿಯ ಮೂಲಕ. 1949ರಲ್ಲಿ ಎರಡೂ ಆಡಳಿತಗಳು ಸೇರಿ ಕಾರ್ಪೊರೇಷನ್ ಆಯಿತು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಐದು ನಗರ ಪಾಲಿಕೆಗಳಾಯಿತು. ಹೆಸರು, ಗಡಿ, ಕಾಯ್ದೆ ಎಲ್ಲವೂ ಬದಲಾದವು. ಕಂದಾಯ ಕಟ್ಟಲು, ಜನನ ಪತ್ರ ಪಡೆಯಲು, ಪಕ್ಕದ ಕೋಣೆಯ ವಾಚನಾಲಯದಲ್ಲಿ ದಿನಪತ್ರಿಕೆ ಓದಲು ನಮ್ಮ ಬಡಾವಣೆಯ ಜನ ಹತ್ತಿದ್ದು ಮಾತ್ರ ಇದೇ ಜಗುಲಿಯನ್ನು.

ಐದು ಪಾಲಿಕೆಗಳಾದ ಮೇಲೆ ಐದು ಕೇಂದ್ರ ಕಚೇರಿಗಳು ಬೇಕು, ಹೊಸ ವಾರ್ಡುಗಳಿಗೆ ಹೊಸ ಕಚೇರಿಗಳು ಬೇಕು. ಕಟ್ಟಿರಿ. ಗಣಕಯಂತ್ರ, ಲಿಫ್ಟ್, ವಾಹನ ನಿಲುಗಡೆ ಇರುವ ಕಚೇರಿ ಜನರಿಗೂ ಸಿಬ್ಬಂದಿಗೂ ಬೇಕಾದದ್ದೇ. ಕಚೇರಿ ಹೊಸ ಜಾಗಕ್ಕೆ ಹೋದ ದಿನವೇ ಹಳೆಯ ಕಟ್ಟಡ ಅನಾಥವಾಗುತ್ತದೆ ಎಂಬುದು ನನ್ನ ಆತಂಕ. ಬೀಗ ಬೀಳುತ್ತದೆ, ಎರಡು ಮಳೆಗಾಲ ಹೆಂಚು ಸರಿಪಡಿಸದೆ ಬಿಟ್ಟರೆ ತೊಲೆ ಕೊಳೆಯುತ್ತದೆ, ಆಮೇಲೆ ಅಪಾಯಕಾರಿ ಕಟ್ಟಡವೆಂಬ ಫಲಕ ಬರುತ್ತದೆ. ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್ ಬಹುಕಾಲ ದುರಸ್ತಿ ಕಾಣದೆ ಉಳಿದು, ಭಾಗಶಃ ಕುಸಿದು, 2017ರಲ್ಲಿ ನೆಲಸಮವಾದದ್ದನ್ನು ಈ ಊರು ನೋಡಿದೆ. ಊರಿನ ಉದ್ಯಾನಗಳನ್ನು ರೂಪಿಸಿದವರ ಹೆಸರು ಹೊತ್ತ ಕಟ್ಟಡವನ್ನು ಊರಿನ ಅತ್ಯಂತ ಪ್ರಸಿದ್ಧ ಉದ್ಯಾನದೊಳಗೇ ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವು ನನಗೆ ಇನ್ನೂ ಆರಿಲ್ಲ.

ರಸ್ತೆ ಬೇಡ ಎನ್ನುವವಳಲ್ಲ ನಾನು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಈ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುವುದನ್ನು ದಿನವೂ ನೋಡುತ್ತೇನೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು: ಬೇಕಾಗಿರುವ ಆ ಕೆಲವು ಅಡಿ ಜಾಗ ವಾಹನಗಳಿಗೋ, ನಡೆಯುವವರಿಗೋ? ಕಟ್ಟಡದ ಎದುರು ರಸ್ತೆ ಕಿರಿದಾಗುವುದು ನಿಜ, ಅಲ್ಲಿ ಕಳೆದುಹೋಗಿರುವುದು ಮುಖ್ಯವಾಗಿ ಪಾದಚಾರಿ ಮಾರ್ಗ. ಜನ ರಸ್ತೆಗಿಳಿದು ನಡೆಯುವುದರಿಂದ ವಾಹನಗಳು ನಿಧಾನವಾಗುತ್ತವೆ. ಜಗುಲಿಯನ್ನೇ ಪಾದಚಾರಿ ಮಾರ್ಗ ಮಾಡಬಾರದೇಕೆ? ತಗಡಿನ ಗೋಡೆ ತೆಗೆದು ಎರಡೂ ತುದಿಗೆ ಇಳಿಜಾರು ಕಟ್ಟಿದರೆ ಜನ ಕಮಾನುಗಳ ಕೆಳಗೆ, ಮಳೆ ಬಿಸಿಲು ತಾಗದಂತೆ ನಡೆದುಹೋಗಬಹುದು. ರಸ್ತೆಗೆ ಬೇಕಾದ ಅಗಲದ ಬಹುಪಾಲು ಇದರಿಂದಲೇ ಸಿಗುತ್ತದೆ. ಕಟ್ಟಡ ಒಂದಿಂಚೂ ಕದಲಬೇಕಿಲ್ಲ. ಇದು ನನ್ನ ಮೊದಲ ಕೋರಿಕೆ. ಸಂಚಾರ ಪೊಲೀಸರೂ ನಿಮ್ಮ ರಸ್ತೆ ಇಂಜಿನಿಯರುಗಳೂ ಅಳೆದು ನೋಡಿ, ಇದು ಸಾಲದು ಎಂದು ಲೆಕ್ಕ ಸಮೇತ ತೋರಿಸಿದರೆ ಒಪ್ಪಿಕೊಳ್ಳುತ್ತೇನೆ. ಸ್ಥಳಾಂತರದ ಮಾತು ಬರಬೇಕಾದದ್ದು ಆಗ.

ಕಲ್ಲು ಇಟ್ಟಿಗೆಯ ಕಟ್ಟಡವನ್ನು ಇಡಿಯಾಗಿ ಸರಿಸುವುದೆಂದರೆ ಅನೇಕರಿಗೆ ಕಟ್ಟುಕಥೆ ಅನ್ನಿಸುತ್ತದೆ. ಶ್ರೀರಂಗಪಟ್ಟಣಕ್ಕೆ ಹೋಗಿ ಬನ್ನಿ. ಬೆಂಗಳೂರು–ಮೈಸೂರು ಜೋಡಿ ಹಳಿಯ ದಾರಿಗೆ ಟಿಪ್ಪು ಕಾಲದ ಮದ್ದುಗುಂಡಿನ ಮನೆಯೊಂದು ಅಡ್ಡ ಬಂದಿತ್ತು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಕಟ್ಟಡ, ತೂಕ ಸಾವಿರ ಟನ್ನಿನ ಆಸುಪಾಸು. ಅದರ ಸುತ್ತ ಅಗೆದು, ಬುನಾದಿಯ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜ್ಯಾಕುಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿ ಹೊಸ ತಳಪಾಯದ ಮೇಲೆ ಕೂರಿಸಿದರು. ಹಳಿಯೂ ಬಂತು, ಮದ್ದಿನ ಮನೆಯೂ ಉಳಿಯಿತು. ಅದು ನಡೆದದ್ದು 2017ರಲ್ಲಿ, ಕ್ರುಂಬಿಗಲ್ ಹಾಲ್ ನೆಲಕ್ಕುರುಳಿದ ಅದೇ ವರ್ಷ. ಒಂದೇ ರಾಜ್ಯ, ಒಂದೇ ವರ್ಷ, ಎರಡು ತೀರ್ಮಾನ.

ನಮ್ಮ ಕಟ್ಟಡ ನನ್ನ ಸ್ಥೂಲ ಲೆಕ್ಕದಲ್ಲಿ ನಾನೂರು ಟನ್ನಿನೊಳಗಿದೆ. ಸರಿಯಬೇಕಾದ ದೂರ ಮೂವತ್ತು ಅಡಿ. ಹಿಂದೆ ಇರುವುದು ಕಸದ ಆಟೋ ಟಿಪ್ಪರುಗಳು ನಿಲ್ಲುವ ಖಾಲಿ ಅಂಗಳ. ನಡುವೆ ಮರವಿಲ್ಲ, ಮನೆಯಿಲ್ಲ. ಇದಕ್ಕಿಂತ ಸುಲಭದ ಸ್ಥಳಾಂತರ ಸಿಗುವುದು ಕಷ್ಟ. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮಳೆನೀರು ನುಗ್ಗುತ್ತದೆಂದು ಜನ ತಮ್ಮ ಮನೆಗಳನ್ನೇ ಜ್ಯಾಕ್ ಕೊಟ್ಟು ಮೇಲೆತ್ತಿಸುತ್ತಿದ್ದಾರೆ. ನಮ್ಮ ಕಟ್ಟಡಕ್ಕೂ ಅದೇ ಬಾಧೆ ಇದೆ. ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆ ಏರುತ್ತಲೇ ಹೋಗಿ, ನಾಲ್ಕು ಮೆಟ್ಟಿಲಿದ್ದ ಪೀಠ ಈಗ ರಸ್ತೆಗೆ ಸಮವಾಗುತ್ತಾ ಬಂದಿದೆ. ಜೋರು ಮಳೆ ಬಂದರೆ ನೀರು ನೇರವಾಗಿ ಒಳಕ್ಕೆ. ಸರಿಸುವುದೇ ಆದರೆ ಅದೇ ಕೆಲಸದಲ್ಲಿ ಎರಡು ಅಡಿ ಎತ್ತರಿಸಿ, ಕಳೆದುಹೋದ ಮೆಟ್ಟಿಲುಗಳನ್ನು ಕಟ್ಟಡಕ್ಕೆ ಹಿಂದಿರುಗಿಸಬಹುದು. ಹೀಗೆ ನೋಡಿದರೆ ಸ್ಥಳಾಂತರದಿಂದ ಕಟ್ಟಡಕ್ಕೆ ಲಾಭವೇ ಆಗುತ್ತದೆ.

ಇಡಿಯಾಗಿ ಎತ್ತಲು ಬಾರದ ಭಾಗಗಳಿರಬಹುದು. ಜಗುಲಿಯ ಹೆಂಚಿನ ಸೂರನ್ನು ಬಿಚ್ಚಲೇಬೇಕಾಗುತ್ತದೆ, ಕಮಾನುಗಳನ್ನೂ ಬಹುಶಃ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ಪ್ರತಿಯೊಂದು ಕಲ್ಲಿಗೂ ತೊಲೆಗೂ ಸಂಖ್ಯೆ ಬರೆದು, ಅಳತೆ ತೆಗೆದು, ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದು ನಕ್ಷೆಯಲ್ಲಿ ಗುರುತಿಸಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಇಲ್ಲಿ ನಮಗೆ ವರ. ಸಿಮೆಂಟಿನ ಗೋಡೆ ಒಡೆದರೆ ಗಾರೆಯ ಜೊತೆಗೆ ಇಟ್ಟಿಗೆಯೂ ಚೂರಾಗುತ್ತದೆ. ಸುಣ್ಣದ ಗಾರೆ ಮೆದು, ಉಳಿ ತಾಗಿಸಿದರೆ ಇಟ್ಟಿಗೆಯನ್ನು ಬಿಟ್ಟುಕೊಡುತ್ತದೆ. ಉಜ್ಜಿ ತೊಳೆದು ಅದೇ ಇಟ್ಟಿಗೆಯನ್ನು ಅದೇ ಸ್ಥಾನದಲ್ಲಿ ಮತ್ತೆ ಕೂರಿಸಬಹುದು. ನಾಗಾರ್ಜುನಸಾಗರದ ನೀರಿನಿಂದ ನಾಗಾರ್ಜುನಕೊಂಡದ ಅವಶೇಷಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿದ್ದು, ಶ್ರೀಶೈಲದ ಹಿನ್ನೀರಿನಿಂದ ಕೂಡಲಿ ಸಂಗಮೇಶ್ವರನ ಗುಡಿಯನ್ನು ಆಲಂಪುರಕ್ಕೆ ತಂದು ನಿಲ್ಲಿಸಿದ್ದು ಬಿಚ್ಚಿ ಕಟ್ಟುವ ದಾರಿಯಲ್ಲೇ. ಅವುಗಳ ಮುಂದೆ ನಮ್ಮದು ತೀರಾ ಚಿಕ್ಕ ಕೆಲಸ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸರಿಸಬಹುದು ಎಂದಾಕ್ಷಣ ಎಲ್ಲಿಗೆ ಬೇಕಾದರೂ ಸಾಗಿಸಬಹುದು ಎಂದಲ್ಲ. ಸ್ಮಾರಕವನ್ನು ಅದರ ಸ್ಥಳದಿಂದ ಬೇರ್ಪಡಿಸಬಾರದು, ಅದನ್ನು ಉಳಿಸಲು ಅನಿವಾರ್ಯವಾದರೆ ಅಥವಾ ರಾಷ್ಟ್ರೀಯ ಇಲ್ಲವೇ ಅಂತರರಾಷ್ಟ್ರೀಯ ಮಟ್ಟದ ಅತಿ ಮುಖ್ಯ ಹಿತ ಅಡಗಿದ್ದರೆ ಮಾತ್ರ ಕದಲಿಸಬೇಕು ಎಂದು 1964ರ ವೆನಿಸ್ ಸನ್ನದು ಹೇಳುತ್ತದೆ. ಜಗತ್ತಿನಾದ್ಯಂತ ಸಂರಕ್ಷಣೆಯ ಕೆಲಸಗಾರರು ನಡೆಯುವ ದಾರಿ ಅದು. ಕಟ್ಟಡವನ್ನು ನಗರದ ಹೊರವಲಯದ ಯಾವುದೋ ಉದ್ಯಾನಕ್ಕೆ ಒಯ್ದು ಅಲಂಕಾರಕ್ಕೆ ನಿಲ್ಲಿಸುವ ಆಲೋಚನೆ ಯಾರ ತಲೆಯಲ್ಲಾದರೂ ಇದ್ದರೆ ಅದನ್ನು ಇಲ್ಲಿಗೇ ಬಿಡಬೇಕು. ಎದುರಿನ ಅರಳಿಕಟ್ಟೆ, ಪಕ್ಕದ ಶಾಲೆ, ಬೀದಿಯ ತಿರುವಿನ ಹೂವಿನ ಅಂಗಡಿಗಳ ನಡುವೆ ನಿಂತರೆ ಮಾತ್ರ ಅದು ನಮ್ಮ ಮುನಿಸಿಪಾಲಿಟಿ ಕಚೇರಿ. ಅದೇ ಬೀದಿಗೆ, ಅದೇ ದಿಕ್ಕಿಗೆ ಮುಖ ಮಾಡಿ, ಮೂವತ್ತು ಅಡಿ ಹಿಂದೆ ನಿಲ್ಲಬೇಕು. ಹೊಸ ಸಂಕೀರ್ಣದ ಗಾಜಿನ ಗೋಡೆಗೆ ಎರಡು ಕಮಾನು ಅಂಟಿಸುವುದನ್ನು ಸಂರಕ್ಷಣೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರಲ್ಲಿ ತೊಲೆಯಿಲ್ಲ, ತಾರಸಿಯಿಲ್ಲ, ಕೂರಲು ಜಗುಲಿಯಿಲ್ಲ.

ದುರಸ್ತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಡವುವವರಿಗಿಂತಲೂ ಒಳ್ಳೆಯ ಮನಸ್ಸಿನಿಂದ ತಪ್ಪು ದುರಸ್ತಿ ಮಾಡುವವರಿಂದ ಹೆಚ್ಚು ಹಳೆಯ ಕಟ್ಟಡಗಳು ಹಾಳಾಗಿರುವುದನ್ನು ನಾನು ಕಂಡಿದ್ದೇನೆ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿಕೊಂಡು ಮೈಯ ಮೂಲಕ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಹಚ್ಚುವುದೆಂದರೆ ಒದ್ದೆ ಮೈಗೆ ಪ್ಲಾಸ್ಟಿಕ್ ಹೊದಿಸಿದಂತೆ. ತೇವ ಒಳಗೇ ಉಳಿದು ಮೇಲಕ್ಕೇರುತ್ತದೆ, ಲವಣ ಇಟ್ಟಿಗೆಯೊಳಗೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುತ್ತಿರುತ್ತದೆ, ಒಳಗೆ ಹಿಟ್ಟಾಗುತ್ತಿರುತ್ತದೆ. ಎಣ್ಣೆ ಬಣ್ಣ ಬಳಿದರೂ ಇದೇ ಗತಿ. ನಮ್ಮ ಕಟ್ಟಡದ ಕೆಳಗಿನ ಮೂರು ಅಡಿಗೆ ಯಾವಾಗಲೋ ಸಿಮೆಂಟ್ ಮೆತ್ತಿ ಮೇಲೆ ಹೊಳೆಯುವ ಬಣ್ಣ ಹಚ್ಚಿದ್ದಾರೆ. ಗೋಡೆ ಉದುರುತ್ತಿರುವುದು ಸರಿಯಾಗಿ ಆ ಪಟ್ಟಿಯ ಮೇಲಂಚಿನಲ್ಲಿ. ಕಟ್ಟಡ ಹಳೆಯದಾಗಿದೆ ಎಂಬುದಕ್ಕೆ ಪುರಾವೆಯಾಗಿ ತೋರಿಸುವ ಛಾಯಾಚಿತ್ರಗಳಲ್ಲಿರುವುದು ಇದೇ ಜಾಗ. ರೋಗ ವಯಸ್ಸಿನಿಂದ ಬಂದದ್ದಲ್ಲ, ಮದ್ದಿನಿಂದ ಬಂದದ್ದು.

ಆ ಸಿಮೆಂಟನ್ನು ಮೆಲ್ಲಗೆ ಎಬ್ಬಿಸಿ ತೆಗೆಯಬೇಕು. ಸುಣ್ಣವನ್ನು ಅರಳಿಸಿ, ವಾರಗಟ್ಟಲೆ ನೀರಿನಲ್ಲಿ ಹದಗೊಳಿಸಿ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಗಾರೆ ಅರೆಯಬೇಕು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರಕ್ಕೆ ಬಗ್ಗುವ ವಸ್ತುವಲ್ಲ. ಮಾರ್ಚ್ ಅಂತ್ಯದೊಳಗೆ ಬಿಲ್ ಆಗಬೇಕು ಎಂದು ಬೆನ್ನು ಹತ್ತಿದರೆ ಗಾರೆಯ ಕೆಲಸ ಖಂಡಿತ ಕೆಡುತ್ತದೆ. ಸಾಗುವಾನಿ ತೊಲೆಗಳಲ್ಲಿ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರವನ್ನು ಬೆಸೆಯಬಹುದು. ಒಂದು ತುದಿಗೆ ಗೆದ್ದಲು ಹಿಡಿಯಿತೆಂದು ಎಲ್ಲ ತೊಲೆಗಳನ್ನೂ ಕಿತ್ತು ಕಾಂಕ್ರೀಟ್ ಸುರಿಯುವ ಅಗತ್ಯವಿಲ್ಲ. ಕಲ್ಲಿನ ಮೇಲಿನ ಬಣ್ಣ ತೆಗೆಯಲು ಮರಳು ಊದುವ ಯಂತ್ರ ತಂದರೆ ಕಲ್ಲಿನ ಉಳಿಗೆಲಸವೇ ಸವೆದುಹೋಗುತ್ತದೆ, ಅದನ್ನು ಒಳಕ್ಕೇ ಬಿಡಬೇಡಿ.

ಇದೆಲ್ಲ ಕೊನೆಗೆ ಬಂದು ನಿಲ್ಲುವುದು ಟೆಂಡರಿನಲ್ಲಿ. ಚರಂಡಿ, ಡಾಂಬರು ಕೆಲಸದಂತೆ ಇದಕ್ಕೂ ಅತಿ ಕಡಿಮೆ ಮೊತ್ತ ಹೇಳಿದವರಿಗೆ ಗುತ್ತಿಗೆ ಕೊಟ್ಟರೆ, ಗಾರೆ ಎಂದರೇನೆಂದು ತಿಳಿಯದವರ ಕೈಗೆ ಕಟ್ಟಡ ಸಿಗುತ್ತದೆ. ಎರಡು ಲಕೋಟೆಯ ಟೆಂಡರ್ ಕರೆಯಿರಿ. ಸುಣ್ಣದ ಕಟ್ಟಡಗಳನ್ನು ದುರಸ್ತಿ ಮಾಡಿದ, ಕಟ್ಟಡಗಳನ್ನು ಎತ್ತಿ ಸರಿಸಿದ ಅನುಭವವನ್ನು ತಾಂತ್ರಿಕ ಲಕೋಟೆಯಲ್ಲಿ ಕಡ್ಡಾಯ ಮಾಡಿ. ಅದರಲ್ಲಿ ಗೆದ್ದವರ ಬೆಲೆಯ ಲಕೋಟೆಯನ್ನು ಮಾತ್ರ ತೆರೆಯಿರಿ. ಇದು ನಿಯಮದೊಳಗೇ ಇರುವ ದಾರಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು, ಉಳಿ ಹಿಡಿಯುವ ಕಲ್ಲುಕುಟಿಗರು ಇನ್ನೂ ಇದ್ದಾರೆ, ಅವರಿಗೆ ಕೆಲಸ ಕೊಡುವವರು ಕಡಿಮೆಯಾಗಿದ್ದಾರೆ. ಅವರ ಜೊತೆಗೆ ಪಾಲಿಕೆಯ ಕಿರಿಯ ಇಂಜಿನಿಯರುಗಳನ್ನೂ ಕೆಲಸದ ಉದ್ದಕ್ಕೂ ನಿಲ್ಲಿಸಿ. ಈ ಒಂದು ಕಟ್ಟಡದಲ್ಲಿ ಕಲಿತವರು ನಾಳೆ ರಸೆಲ್ ಮಾರುಕಟ್ಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಬೇಕಾಗುತ್ತಾರೆ. ಅವೂ ಮುನಿಸಿಪಾಲಿಟಿ ಕಾಲದ ಕಟ್ಟಡಗಳೇ, ಜನ ದಿನವೂ ತುಳಿಯುವ ಜಾಗಗಳೇ.

ಇಷ್ಟು ಮಾಡಿದ ಮೇಲೆ ಕಟ್ಟಡ ಯಾರದ್ದಾಗಬೇಕು? ಈ ಪತ್ರದ ಹೃದಯ ಇರುವುದು ಇಲ್ಲಿ. ಸ್ಮಾರಕಗಳನ್ನು ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಬಳಸಿದರೆ ಅವುಗಳ ರಕ್ಷಣೆ ಸುಲಭವಾಗುತ್ತದೆ ಎಂದು ನಾನು ಹೇಳಿದ ಅದೇ ಸನ್ನದಿನಲ್ಲಿದೆ. ನಮ್ಮ ಊರಿಗೆ ಇದು ಹೊಸದಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆದುಕೊಂಡಿತು. ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು, ಕೈದಿಗಳಿದ್ದ ಜಾಗದಲ್ಲಿ ನಾಗರಿಕರು ಘೋಷಣೆ ಕೂಗುತ್ತಾರೆ. ಮೇಯೋ ಹಾಲ್‌ನ ಮೇಲಂತಸ್ತಿನಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ ಬಂತು. 1935ರಲ್ಲಿ ತೆರೆದ ಪುಟ್ಟಣ್ಣಚೆಟ್ಟಿ ಪುರಭವನಕ್ಕೆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರ ಹೆಸರಿದೆ. ಅಲ್ಲಿನ ನಾಟಕ, ಸಭೆಗಳಷ್ಟೇ ಅದರ ಮೆಟ್ಟಿಲುಗಳೂ ಬೆಂಗಳೂರಿಗರಿಗೆ ಪರಿಚಿತ. ದಾರಿ ತಪ್ಪುವ ಅಪಾಯವೂ ನಮಗೆ ಗೊತ್ತು. ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಕೈಗೆ ಒಪ್ಪಿಸುವ ಮಾತು ಬಂದಾಗ ನಮ್ಮ ಕಲಾವಿದರು ಬೀದಿಗಿಳಿದು ವಿರೋಧಿಸಿದ್ದು ಯಾಕೆಂದರೆ, ಒಮ್ಮೆ ಜನರ ಕೈತಪ್ಪಿದ ಜಾಗ ಮತ್ತೆ ಕೈಗೆ ಸಿಗುವುದು ಬಹಳ ಕಷ್ಟ.

ಆದ್ದರಿಂದ ಬಳಕೆಯನ್ನು ಮೊದಲೇ ತೀರ್ಮಾನಿಸಿ, ಆಮೇಲೆ ಜ್ಯಾಕ್ ಇಡಿ. ನಡುವಿನ ದೊಡ್ಡ ಕೋಣೆ ಮತ್ತೆ ವಾಚನಾಲಯವಾಗಲಿ. ಈ ಬಡಾವಣೆಯಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ಐದಾರು ಜನ ಇರುವ ಮನೆಗಳಿವೆ. ಅಲ್ಲಿನ ಹುಡುಗಿಯರು ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಗೆ ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ಅವರಿಗೆ ರಾತ್ರಿ ಒಂಬತ್ತರವರೆಗೆ ದೀಪ ಉರಿಯುವ, ಭಯವಿಲ್ಲದೆ ಕೂರಬಹುದಾದ ಒಂದು ಮೇಜು ಕೊಡುವುದಕ್ಕಿಂತ ಹೆಚ್ಚಿನ ಬಳಕೆ ಈ ಕಟ್ಟಡಕ್ಕೆ ನನಗೆ ಹೊಳೆಯುತ್ತಿಲ್ಲ. ಎಡಗಡೆಯ ಕೋಣೆಯನ್ನು ಪೌರಕಾರ್ಮಿಕರಿಗೆ ಕೊಡಿ. ಬೆಳಗಿನ ಜಾವಕ್ಕೆ ಕೆಲಸಕ್ಕೆ ಬರುವ ಹೆಂಗಸರು ತಿಂಡಿಯ ಡಬ್ಬಿಯನ್ನು ಬೀದಿಬದಿಯಲ್ಲಿ ಬಿಚ್ಚುತ್ತಾರೆ, ಶೌಚಾಲಯಕ್ಕಾಗಿ ಯಾರದೋ ಮನೆಯ ಬಾಗಿಲು ತಟ್ಟುತ್ತಾರೆ. ಮುನಿಸಿಪಾಲಿಟಿಯ ಕಟ್ಟಡದಲ್ಲಿ ಮೊದಲ ಹಕ್ಕು ಅವರದು. ಬಲಗಡೆಯ ಕೋಣೆಯಲ್ಲಿ ಹಳೆಯ ದಫ್ತರಗಳಿರಲಿ. ಕಂದಾಯದ ಪುಸ್ತಕ, ಹುಟ್ಟುಸಾವಿನ ನೋಂದಣಿ, ನಲ್ಲಿ ಸಂಪರ್ಕದ ಅರ್ಜಿ, ಬೀದಿಯ ನಕ್ಷೆ, ಇವುಗಳನ್ನು ಕಬ್ಬಿಣದ ಕಪಾಟಿನಿಂದ ಹೊರತೆಗೆದು, ಧೂಳು ಝಾಡಿಸಿ, ಸ್ಕ್ಯಾನ್ ಮಾಡಿಸಿ. ವ್ಯಕ್ತಿಗಳ ಖಾಸಗಿ ವಿವರಗಳನ್ನು ಕಾಪಾಡಿ, ಉಳಿದದ್ದು ಓದುವವರಿಗೆ ಸಿಗಲಿ. ಈ ಊರಿನ ಚರಿತ್ರೆ ಬರೆಯುವವರಿಗೆ ಇಂಥ ಕಾಗದಗಳು ಚಿನ್ನ.

ವಾರ್ಡ್ ಸಮಿತಿಯ ಸಭೆಗಳು ಇಲ್ಲೇ ನಡೆಯಲಿ, ಬಾಗಿಲು ತೆರೆದಿಟ್ಟು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ನಂತರ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ನಡೆದ ನಗರ ಇದು. ನೆರೆಹೊರೆಯವರು ಒಟ್ಟಿಗೆ ಕೂತು ತಮ್ಮ ಬೀದಿಯ ಬಗ್ಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗುತ್ತಿದೆ. ಮಾತಾಡಲು ಒಂದು ಜಾಗವಾದರೂ ಇರಲಿ.

ಮದುವೆ ಮಂಟಪಕ್ಕೆ, ದುಬಾರಿ ಕಾಫಿ ಅಂಗಡಿಗೆ, ಕಂಪನಿಗಳ ಕಾರ್ಯಕ್ರಮಕ್ಕೆ ಬಾಡಿಗೆ ಕೊಡುವ ಪ್ರಸ್ತಾವ ನಿರ್ವಹಣೆಯ ಖರ್ಚಿನ ಹೆಸರಿನಲ್ಲಿ ಬಂದೇ ಬರುತ್ತದೆ. ಆ ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಕಷ್ಟದ್ದಲ್ಲ. ಬೆಂಗಳೂರಿನ ಮನೆ ಮಾಲೀಕರು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಾರೆ. ವಾಚನಾಲಯ ಇದ್ದ ಕಡೆ ಆ ಹಣದ ಒಂದು ಪಾಲು ಬರಬೇಕು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿಹಾಕುವುದು, ಸೂರಿನ ನೀರು ಹರಿಯುವ ದೋಣಿ ಸ್ವಚ್ಛಗೊಳಿಸುವುದು, ಸುಣ್ಣ ಬಳಿಯುವುದು, ಇಷ್ಟಕ್ಕೆ ಪಾಲಿಕೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲು ಬೇಕು. ದೊಡ್ಡ ಮೊತ್ತವಲ್ಲ, ತಪ್ಪದೆ ಬರಬೇಕಾದ ಮೊತ್ತ.

ನೆರೆಹೊರೆಯವರಿಗೂ ಎರಡು ಮಾತು. ಹೊಸ ಸಂಕೀರ್ಣ ಬಂದರೆ ಮಳಿಗೆ ಸಿಗಬಹುದು ಎಂದು ಆಸೆ ಇಟ್ಟಿರುವ ವ್ಯಾಪಾರಿ ಮಿತ್ರರೇ, ನಿಮ್ಮ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕಟ್ಟಡ ಹಿಂದಕ್ಕೆ ಸರಿದ ಮೇಲೂ ಅಂಗಳದ ಉತ್ತರದಲ್ಲಿ ಒಂದು ಪಟ್ಟಿ ಜಾಗ ಉಳಿಯುತ್ತದೆ, ಅಲ್ಲಿ ಒಂದಂತಸ್ತಿನ ಮಳಿಗೆಗಳನ್ನು ಕಟ್ಟಲು ಅಡ್ಡಿಯಿಲ್ಲ. ಅಗಲೀಕರಣದಲ್ಲಿ ಅಂಗಡಿ ಕಳೆದುಕೊಳ್ಳುವವರಿಗೆ ಅವು ಮೊದಲು ಸಿಗಲಿ ಎಂದು ನಿಮ್ಮ ಜೊತೆ ಸೇರಿ ನಾನೂ ಅರ್ಜಿ ಹಾಕುತ್ತೇನೆ. ಹಿರಿಯರೇ, ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ ಈ ಕಟ್ಟಡದ ಹಳೆಯ ಫೋಟೋ, ಇಲ್ಲಿಂದ ಪಡೆದ ರಸೀದಿ, ಲಸಿಕೆಯ ಚೀಟಿ ಇದ್ದರೆ ಹುಡುಕಿಡಿ. ಮುಚ್ಚಿಹೋದ ಕಿಂಡಿಗಳು ಎಲ್ಲಿದ್ದವು, ಬಾಗಿಲಿನ ಬಣ್ಣ ಏನಿತ್ತು, ಮೆಟ್ಟಿಲು ಹೇಗಿತ್ತು ಎಂಬುದಕ್ಕೆ ಒಂದು ಹಳೆಯ ಫೋಟೋ ಹತ್ತು ಊಹೆಗಳಿಗಿಂತ ಹೆಚ್ಚು ಬೆಲೆಯದು.

ಆಯುಕ್ತರೇ, ಸದ್ಯಕ್ಕೆ ನಾವು ಕೇಳುತ್ತಿರುವುದು ಸಣ್ಣದು. ಕೆಡವುವ ಆದೇಶಕ್ಕೆ ಸ್ವಲ್ಪ ತಡೆ ಕೊಡಿ. ಸಂರಕ್ಷಣೆ ಬಲ್ಲ ರಚನಾ ಇಂಜಿನಿಯರರಿಂದ ಕಟ್ಟಡವನ್ನು ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಜಗುಲಿಯನ್ನು ಪಾದಚಾರಿ ಮಾರ್ಗ ಮಾಡುವ ದಾರಿ, ಹಿಂದಕ್ಕೆ ಸರಿಸುವ ದಾರಿ, ಕೆಡವಿ ಕಟ್ಟುವ ದಾರಿ, ಮೂರಕ್ಕೂ ಖರ್ಚಿನ ಅಂದಾಜು ಪಟ್ಟಿ ಮಾಡಿಸಿ ಅಕ್ಕಪಕ್ಕ ಇಡಿ. ನಂತರ ಆ ಜಗುಲಿಯಲ್ಲೇ ಒಂದು ಸಾರ್ವಜನಿಕ ಸಭೆ ಕರೆಯಿರಿ. ಕಟ್ಟಡದ ಅಳತೆಗಳನ್ನು ನಾನು ಈಗಾಗಲೇ ತೆಗೆದಿದ್ದೇನೆ. ನೆಲನಕ್ಷೆ, ಗೋಡೆಗಳ ಛೇದನಕ್ಷೆ, ತೊಲೆಗಳ ಸ್ಥಿತಿಯ ಪಟ್ಟಿ ಸಿದ್ಧವಾಗಿವೆ. ನಿಮ್ಮ ಇಂಜಿನಿಯರುಗಳಿಗೆ ಅವುಗಳನ್ನು ಉಚಿತವಾಗಿ ಒಪ್ಪಿಸುತ್ತೇನೆ, ಅವರು ಕರೆದ ದಿನ ಬಂದು ವಿವರಿಸುತ್ತೇನೆ. ಮುಂಗಾರು ಶುರುವಾಗುವುದರೊಳಗೆ ಹಿಂಬದಿಯ ಒಡೆದ ಹೆಂಚುಗಳನ್ನಾದರೂ ಬದಲಿಸಿಕೊಡಿ. ಇನ್ನೊಂದು ಮಳೆಗಾಲ ಆ ತೊಲೆ ತಡೆಯಲಾರದು.

ಇಂತಿ ನಿಮ್ಮ ವಿಶ್ವಾಸಿ,
ಬಡಾವಣೆಯ ನಿವಾಸಿ ಹಾಗೂ ನಿವೃತ್ತ ಸಿವಿಲ್ ಇಂಜಿನಿಯರ್,
ಬೆಂಗಳೂರು